ಬಾಗದ ಕೊರಳು

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ದೊಡ್ಡವರಾದ ಮೇಲೆ ಮಕ್ಕಳಿಗೆ ಹೇಳುತ್ತಲೂ ಇದ್ದೇವೆ. ಮನುಷ್ಯನ ವಿಷಯದಲ್ಲಿ ಆ ಮಾತು ಎಷ್ಟರಮಟ್ಟಿಗೆ ಸತ್ಯವೋ ಕಾಣೆ. ಮರದ ವಿಷಯದಲ್ಲಂತೂ ಅದು ಅರ್ಧ ಸತ್ಯ. ಮರವಾದ ಮೇಲೂ ಮರ ಬಗ್ಗುತ್ತದೆ. ಕಡಿದು, ಕೊಯ್ದು, ಒಣಗಿಸಿ, ಕೆತ್ತಿ, ಮೆರುಗು ಕೊಟ್ಟ ಮೇಲೂ ಬಗ್ಗುತ್ತದೆ. ಮಳೆಗಾಲದಲ್ಲಿ ಉಬ್ಬಿ ಮುಚ್ಚಲೊಲ್ಲದ ಬಾಗಿಲು ಬೇಸಗೆಯಲ್ಲಿ ತಾನಾಗಿಯೇ ಸಡಿಲಗೊಳ್ಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲು ಬಗ್ಗಿದರೆ ಬಡಗಿ ಬಂದು ಅಂಚನ್ನು ಒಂದಿಷ್ಟು ಹೆರೆದುಕೊಟ್ಟು ಹೋಗುತ್ತಾನೆ. ಅಲ್ಲಿಗೆ ತೊಂದರೆ ತೀರುತ್ತದೆ. ತಂತಿವಾದ್ಯದ ಕೊರಳು ಬಗ್ಗಿದರೆ ಹಾಗಲ್ಲ. ಅಲ್ಲಿ ಕೂದಲೆಳೆಯಷ್ಟು ಓರೆಯಾದರೂ ಸ್ವರ ಓರೆಯಾಗುತ್ತದೆ.

ಕನ್ನಡದಲ್ಲಿ ಕೊರಳು ಎಂಬ ಪದಕ್ಕೆ ಕತ್ತು ಎಂಬ ಅರ್ಥವೂ ಇದೆ, ದನಿ ಎಂಬ ಅರ್ಥವೂ ಇದೆ. ಈ ಎರಡು ಅರ್ಥಗಳೂ ಒಂದೇ ವಸ್ತುವಿನಲ್ಲಿ ಬೆರೆತಿರುವುದನ್ನು ಕಾಣಬೇಕಾದರೆ ಗಿಟಾರ್ ವಾದ್ಯವನ್ನು ನೋಡಬೇಕು. ಅದರ ಒಡಲಿನಿಂದ ಹೊರಟು ನೀಳವಾಗಿ ಚಾಚಿಕೊಂಡಿರುವ ಮರದ ಕೊರಳು ಆರು ತಂತಿಗಳ ಎಳೆತವನ್ನು ಹಗಲಿರುಳೂ ಹೊತ್ತು ನಿಂತಿರುತ್ತದೆ. ನುಡಿಸುವವನು ವಾದ್ಯವನ್ನು ಕೆಳಗಿಟ್ಟು ನಿದ್ದೆ ಹೋದಾಗಲೂ ತಂತಿಗಳು ನಿದ್ರಿಸುವುದಿಲ್ಲ, ಎಳೆಯುತ್ತಲೇ ಇರುತ್ತವೆ. ಇಪ್ಪತ್ತು ವರ್ಷ, ಐವತ್ತು ವರ್ಷ, ನೂರು ವರ್ಷ ಆ ಎಳೆತಕ್ಕೆ ಮಣಿಯದೆ ನಿಲ್ಲುವ ಕೊರಳನ್ನು ಮಾಡುವುದು ಹೇಗೆ? ಈ ಪ್ರಶ್ನೆಯೊಡನೆ ಎಪ್ಪತ್ತೇಳು ವರ್ಷ ಬದುಕಿದ ಒಬ್ಬ ಬಡಗಿಯ ಮಗನ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ನಾನು ಕನ್ನಡ ಪಾಠ ಹೇಳುವವನು. ಉಳಿ ಬಾಚಿಗಳನ್ನು ಹಿಡಿದವನಲ್ಲ, ಗಿಟಾರನ್ನು ನುಡಿಸಬಲ್ಲವನೂ ಅಲ್ಲ. ಆದರೆ ಕಲೆ ಯಾವುದು, ಕಸುಬು ಯಾವುದು ಎಂಬ ಚರ್ಚೆ ನನ್ನ ತರಗತಿಯಲ್ಲಿ ಪ್ರತಿವರ್ಷವೂ ಏಳುತ್ತದೆ. ಆ ಚರ್ಚೆಗೆ ಈತನ ಬಾಳಿನಷ್ಟು ಸ್ಪಷ್ಟವಾದ ಉತ್ತರವನ್ನು ನಾನು ಬೇರೆ ಕಡೆ ಕಂಡಿಲ್ಲ.

ಆತನ ಹೆಸರು ಕ್ರಿಶ್ಚಿಯನ್ ಫ್ರೆಡರಿಕ್ ಮಾರ್ಟಿನ್. ಗಿಟಾರ್ ಬಲ್ಲವರಿಗೆ ಮಾರ್ಟಿನ್ ಎಂಬುದು ವಾದ್ಯದ ತಲೆಯ ಮೇಲೆ ಅಚ್ಚಾಗಿರುವ ಹೆಸರು. ಆ ಹೆಸರನ್ನು ಹೊತ್ತಿದ್ದ ಮನುಷ್ಯನನ್ನು ನೆನೆಯುವವರು ಕಡಮೆ. ಆತನು ಹುಟ್ಟಿದ್ದು 1796ನೆಯ ಇಸವಿ ಜನವರಿ 31ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಮಾರ್ಕ್‌ನಾಯ್‌ಕಿರ್ಖೆನ್ ಎಂಬ ಸಣ್ಣ ಊರಿನಲ್ಲಿ. ಊರು ಸಣ್ಣದಾದರೂ ಅದರ ಕೀರ್ತಿ ಸಣ್ಣದಲ್ಲ. ನೆರೆಯ ಬೊಹೀಮಿಯದಲ್ಲಿ ಮತದ ಕಾರಣದಿಂದ ಕಿರುಕುಳಕ್ಕೆ ಗುರಿಯಾಗಿ ಓಡಿಬಂದ ಪಿಟೀಲು ತಯಾರಕರು ಅಲ್ಲಿ ನೆಲೆಸಿ, 1677ರಲ್ಲಿ ತಮ್ಮದೊಂದು ವೃತ್ತಿಸಂಘವನ್ನು ಕಟ್ಟಿಕೊಂಡಿದ್ದರು. ನಮ್ಮ ಪ್ರಾಚೀನ ಶಾಸನಗಳಲ್ಲಿ ಶ್ರೇಣಿ ಎಂದು ಕರೆಯುವಂಥದೇ ಈ ಸಂಘ. ಯಾರು ಆ ಕೆಲಸವನ್ನು ಕಲಿಯಬಹುದು, ಯಾರು ಮಾಡಬಹುದು, ಯಾರು ಮಾಡಕೂಡದು ಎಂಬುದನ್ನೆಲ್ಲ ಅದು ನಿಯಮಿಸುತ್ತಿತ್ತು. ಮಾರ್ಟಿನ್ನನ ತಂದೆ ಯೊಹಾನ್ ಗಿಯೋರ್ಗ್ ಮಾರ್ಟಿನ್ ಈ ಸಂಘದವನಲ್ಲ. ಆತನು ಬಡಗಿಗಳ ಸಂಘಕ್ಕೆ ಸೇರಿದವನು. ಕಪಾಟು, ಮೇಜು, ಪೆಟ್ಟಿಗೆಗಳನ್ನು ಮಾಡುವವನು. ಹೊಸದಾಗಿ ಬಳಕೆಗೆ ಬರುತ್ತಿದ್ದ ಗಿಟಾರನ್ನೂ ಮಾಡಲು ತೊಡಗಿದ್ದನು. ಈ ಒಂದು ಸಂಗತಿಯೇ ಮುಂದೆ ಮಗನ ಬಾಳನ್ನು ಕದಲಿಸಿತು.

ಮಗನು ಹರೆಯದಲ್ಲಿ ವಿಯೆನ್ನಾ ನಗರಕ್ಕೆ ಹೋದನು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ವಿಯೆನ್ನಾ ಎಂದರೆ ಸಂಗೀತದ ರಾಜಧಾನಿ. ಬೀಥೋವನ್ ಆಗ ಅಲ್ಲಿ ಬಾಳಿದ್ದನು. ಅಲ್ಲಿಯ ಪ್ರಸಿದ್ಧ ವಾದ್ಯಶಿಲ್ಪಿ ಯೊಹಾನ್ ಗಿಯೋರ್ಗ್ ಸ್ಟೌಫರನ ಕಾರ್ಯಾಗಾರದಲ್ಲಿ ಮಾರ್ಟಿನ್ ಕೆಲಸ ಕಲಿತನು; ಕಲಿತು, ಮೇಸ್ತ್ರಿಯ ಪದವಿಗೂ ಏರಿದನು. ಸ್ಟೌಫರನು ಇದ್ದುದರಲ್ಲಿ ತೃಪ್ತಿಪಡುವ ಜಾತಿಯವನಲ್ಲ. 1822ರಲ್ಲಿ ಯೊಹಾನ್ ಎರ್ಟ್ಲ್ ಎಂಬ ಇನ್ನೊಬ್ಬ ಕುಶಲಿಯೊಡನೆ ಸೇರಿ, ಗಿಟಾರಿನಲ್ಲಿ ಮಾಡಿದ ಸುಧಾರಣೆಗಳಿಗಾಗಿ ಆತನು ಚಕ್ರವರ್ತಿಯ ಸರಕಾರದಿಂದ ವಿಶೇಷಾಧಿಕಾರ ಪತ್ರವನ್ನು ಪಡೆದನು. ಆ ಸುಧಾರಣೆಗಳಲ್ಲಿ ನಮ್ಮ ಕಥೆಗೆ ಮುಖ್ಯವಾದದ್ದು ಒಂದು ಕೀಲಿಕೈ.

ಅದನ್ನು ವಿವರಿಸುವ ಮುನ್ನ ಕೊರಳಿನ ಕಷ್ಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿವೆ. ಕಾಲಕ್ರಮದಲ್ಲಿ ದಂಡಿ ಸ್ವಲ್ಪ ಕದಲಿದರೂ ಮೇಣವನ್ನು ಕರಗಿಸಿ ಮೆಟ್ಟಿಲುಗಳನ್ನು ಮರಳಿ ಕೂರಿಸಬಹುದು. ಬಲ್ಲ ಕುಶಲಿಗೆ ಅದು ಎರಡು ಮೂರು ದಿನದ ಕೆಲಸ. ಗಿಟಾರಿನಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಲೋಹದ ಮೆಟ್ಟಿಲುಗಳನ್ನು ಮರದ ಗೀರುಗಳಲ್ಲಿ ಹೊಡೆದು ಕೂರಿಸಿಬಿಟ್ಟಿರುತ್ತಾರೆ. ಕೊರಳು ನೇರವಾಗಿದ್ದರೆ ಮೆಟ್ಟಿಲುಗಳೂ ಒಂದು ಸಾಲಿನಲ್ಲಿರುತ್ತವೆ. ಕೊರಳು ಬಗ್ಗಿದರೆ ಎಲ್ಲವೂ ಅದರೊಡನೆ ಬಗ್ಗುತ್ತವೆ. ಬಗ್ಗುವುದೂ ಎರಡು ಬಗೆ. ಒಂದು, ಒಡಲಿಗೆ ಕೂಡಿದ ಸಂದಿಯಲ್ಲಿಯೇ ಕೊರಳು ತಂತಿಗಳ ಎಳೆತಕ್ಕೆ ಮುಂದಕ್ಕೆ ವಾಲುವುದು. ಇನ್ನೊಂದು, ಸಂದು ಗಟ್ಟಿಯಾಗಿದ್ದರೂ ಕೊರಳು ತಾನೇ ಬಿಲ್ಲಿನಂತೆ ಬಾಗುವುದು. ಎರಡರ ಫಲವೂ ಒಂದೇ. ತಂತಿ ಮೆಟ್ಟಿಲಿನಿಂದ ಮೇಲಕ್ಕೇಳುತ್ತದೆ. ಒತ್ತಲು ಬೆರಳಿಗೆ ಶ್ರಮ ಹೆಚ್ಚುತ್ತದೆ. ಬಲವಾಗಿ ಒತ್ತಿದಾಗ ತಂತಿ ಬಿಗಿದು ಸ್ವರ ಏರುತ್ತದೆ. ತೆರೆದ ತಂತಿ ಶ್ರುತಿಯಲ್ಲಿದ್ದರೂ ಒತ್ತಿದ ತಂತಿ ಶ್ರುತಿ ತಪ್ಪುತ್ತದೆ.

ಸ್ಟೌಫರನು ಮೊದಲ ಬಗೆಯ ಬಾಗುವಿಕೆಗೆ ಒಂದು ಉಪಾಯ ಹೂಡಿದನು. ಕೊರಳನ್ನು ಒಡಲಿಗೆ ಅಂಟಿನಿಂದ ಬಿಗಿಯಲಿಲ್ಲ. ಕೊರಳಿನ ಹಿಮ್ಮಡಿಯಲ್ಲಿ ಒಂದು ತಿರುಪು ಮೊಳೆಯನ್ನು ಅಡಗಿಸಿದನು. ಗಡಿಯಾರಕ್ಕೆ ಕೀಲಿ ಕೊಡುವಂಥ ಪುಟ್ಟ ಕೀಲಿಕೈಯನ್ನು ಅಲ್ಲಿಯ ರಂಧ್ರದಲ್ಲಿಟ್ಟು ತಿರುಗಿಸಿದರೆ ಕೊರಳಿನ ಓರೆ ಬೇಕಾದಷ್ಟು ಬದಲಾಗುತ್ತಿತ್ತು. ತಂತಿಗಳು ಮೇಲಕ್ಕೋ ಕೆಳಕ್ಕೋ ಸರಿಯುತ್ತಿದ್ದವು. ಬೆರಳುಹಲಗೆ ಒಡಲಿಗೆ ಅಂಟದೆ ಅದರ ಮೇಲೆ ತೇಲುವಂತೆ ನಿಂತಿದ್ದುದರಿಂದ ಈ ಚಲನೆಗೆ ಅಡ್ಡಿಯಿರಲಿಲ್ಲ. ಕೊರಳು ಅಲುಗಾಡದಂತೆ ಮಾಡುವುದು ಒಂದು ಮಾರ್ಗ; ಅಲುಗಿದಾಗ ಸರಿಪಡಿಸುವ ದಾರಿಯನ್ನು ಮೊದಲೇ ಒಳಗಿಟ್ಟಿರುವುದು ಇನ್ನೊಂದು. ಸ್ಟೌಫರನು ಎರಡನೆಯ ಮಾರ್ಗವನ್ನು ಹಿಡಿದನು. ಇಟಲಿಯ ಗಿಟಾರ್ ವಿದ್ವಾಂಸ ಲೂಯಿಜಿ ಲೆನ್ಯಾನಿಯ ಹೆಸರಿನೊಡನೆ ಈ ಮಾದರಿ ಯೂರೋಪಿನಲ್ಲಿ ಹೆಸರಾಯಿತು. ಮಾರ್ಟಿನ್ ಈ ಕೀಲಿಕೈಯ ವಿದ್ಯೆಯನ್ನು ಗುರುವಿನ ಬಳಿಯೇ ಕಲಿತನು.

ವಿಯೆನ್ನಾದಲ್ಲಿ ಆತನು ಕಾರ್ಲ್ ಕ್ಯೂಲೆ ಎಂಬಾತನಲ್ಲಿಯೂ ಕೆಲಸ ಮಾಡಿದನು. ಆತನ ಮಗಳು ಒಟಿಲಿಯಳನ್ನು 1825ರಲ್ಲಿ ಮದುವೆಯಾದನು. ತಂದೆಯ ಹೆಸರನ್ನೇ ಹೊತ್ತ ಮಗನು ಅದೇ ವರ್ಷ ಹುಟ್ಟಿದನು. ಕೆಲಕಾಲದಲ್ಲಿಯೇ ಸಂಸಾರ ಮಾರ್ಕ್‌ನಾಯ್‌ಕಿರ್ಖೆನ್ನಿಗೆ ಹಿಂತಿರುಗಿತು. ಕಲಿತ ವಿದ್ಯೆ ಕೈಯಲ್ಲಿತ್ತು, ಹುಟ್ಟಿದೂರು ಕಣ್ಣೆದುರಿಗಿತ್ತು. ಅಲ್ಲಿಯೇ ಅಂಗಡಿ ಹೂಡಿ ಬಾಳುವೆನೆಂದುಕೊಂಡನು. ಆದರೆ ಆ ವೇಳೆಗೆ ಊರಿನಲ್ಲಿ ವ್ಯಾಜ್ಯ ಹೊತ್ತಿಕೊಂಡಿತ್ತು.

ಗಿಟಾರಿಗೆ ಬೇಡಿಕೆ ಹೆಚ್ಚುತ್ತಿರುವುದನ್ನು ಕಂಡ ಪಿಟೀಲು ತಯಾರಕರ ಸಂಘವು, ಬಡಗಿಗಳು ಗಿಟಾರ್ ಮಾಡುವುದನ್ನು ನಿಷೇಧಿಸಬೇಕೆಂದು 1826ರಲ್ಲಿ ಅಧಿಕಾರಿಗಳ ಮೊರೆಹೊಕ್ಕಿತು. ಅವರ ವಾದ ಕೇಳಲು ಸೊಗಸಾಗಿತ್ತು. ತಾವು ವಾದ್ಯಗಳನ್ನು ಮಾಡುವವರು. ಆದುದರಿಂದ ಕಲಾವಿದರ ವರ್ಗಕ್ಕೆ ಸೇರಿದವರು. ತಮ್ಮ ಕೆಲಸದಲ್ಲಿ ನಯವಷ್ಟೇ ಅಲ್ಲದೆ ಸಂಸ್ಕಾರಗೊಂಡ ಅಭಿರುಚಿಯೂ ಕಾಣುತ್ತದೆ. ಬಡಗಿಗಳಾದರೋ ಬರಿಯ ಯಾಂತ್ರಿಕ ಕೆಲಸಗಾರರು. ಪೀಠೋಪಕರಣವೆಂದು ಕರೆಯುವ ನಾನಾ ಬಗೆಯ ಸಾಮಾನುಗಳನ್ನು ಮಾಡುವವರು. ಅಂಥವರ ಕೈಗೆ ವಾದ್ಯವನ್ನು ಒಪ್ಪಿಸಬಹುದೇ? ಅವರು ಹೂಡಿದ ಪ್ರಶ್ನೆಯ ತಿರುಳು ಇದು. ಒಂದೂವರೆ ಶತಮಾನದ ಹಿಂದೆ ತಮ್ಮ ಹಿರಿಯರು ಆಶ್ರಯ ಬೇಡಿ ಅದೇ ಊರಿಗೆ ಬಂದಿದ್ದರೆಂಬುದನ್ನು ಆ ಸಂಘದವರು ಮರೆತಿದ್ದರೆಂದು ತೋರುತ್ತದೆ. ನಿರಾಶ್ರಿತರ ಮೊಮ್ಮಕ್ಕಳು ಬಾಗಿಲು ಕಾಯುವವರಾಗುವುದು ಲೋಕದಲ್ಲಿ ಹೊಸತೇನೂ ಅಲ್ಲ.

ಬಡಗಿಗಳು ಸುಮ್ಮನಿರಲಿಲ್ಲ. ಪಿಟೀಲು ತಯಾರಕರಿಗೆ ಗಿಟಾರಿನ ಮೇಲೆ ಯಾವ ಹುಟ್ಟುಹಕ್ಕೂ ಇಲ್ಲವೆಂದೂ, ಊರಿನಲ್ಲಿ ಗಿಟಾರನ್ನು ಸುಮಾರು ಮೂವತ್ತೈದು ವರ್ಷಗಳ ಹಿಂದೆ ಮಾಡತೊಡಗಿದವನೇ ಬಡಗಿ ಗಿಯೋರ್ಗ್ ಮಾರ್ಟಿನ್ ಎಂದೂ ಅವರು ಉತ್ತರ ಕೊಟ್ಟರು. ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. 1832ರಲ್ಲಿ ಮತ್ತೆ ಕಾವೇರಿತು. ಆಗ ಕ್ರಿಶ್ಚಿಯನ್ ವಿಲ್‌ಹೆಲ್ಮ್ ಶೂಸ್ಟರ್ ಎಂಬ ಸಗಟು ವ್ಯಾಪಾರಿ ಮುಂದೆ ಬಂದು, ಕ್ರಿಶ್ಚಿಯನ್ ಫ್ರೆಡರಿಕನು ವಿಯೆನ್ನಾದ ಸ್ಟೌಫರನ ಕಾರ್ಯಾಗಾರದಲ್ಲಿ ಹಲವು ವರ್ಷ ಮೇಸ್ತ್ರಿಯಾಗಿದ್ದವನೆಂದೂ, ಅವನ ವಾದ್ಯಗಳಲ್ಲಿ ಯಾವ ಕೊರತೆಯೂ ಕಾಣದೆಂದೂ ಸಾಕ್ಷ್ಯ ನುಡಿದನು. ತೀರ್ಪು ಬಡಗಿಗಳ ಕಡೆಗಾಯಿತು.

ಗೆದ್ದವನು ಊರಿನಲ್ಲಿ ಉಳಿಯಬೇಕಷ್ಟೆ? ಮಾರ್ಟಿನ್ ಉಳಿಯಲಿಲ್ಲ. ನ್ಯಾಯಸ್ಥಾನದಲ್ಲಿ ಗೆದ್ದ ಹಕ್ಕನ್ನು ನೆರೆಹೊರೆಯವರ ಮುನಿಸಿನ ನಡುವೆ ದಿನವೂ ಗೆಲ್ಲಬೇಕಾದ ಬಾಳು ಆತನಿಗೆ ಬೇಡವಾಯಿತು. 1833ರ ಸೆಪ್ಟೆಂಬರಿನಲ್ಲಿ ಹೆಂಡತಿ ಮಕ್ಕಳೊಡನೆ ಊರು ಬಿಟ್ಟು ಹೊರಟು, ನವೆಂಬರಿನಲ್ಲಿ ನ್ಯೂಯಾರ್ಕ್ ನಗರದಲ್ಲಿ ಇಳಿದನು. ಆಗ ಆತನಿಗೆ ಮೂವತ್ತೇಳು ವರ್ಷ. ಹೊಸ ಭಾಷೆ, ಹೊಸ ಜನ. ಹಳೆಯದೆಂದು ಉಳಿದದ್ದು ಕೈಯ ವಿದ್ಯೆ ಒಂದೇ.

ಹಡ್ಸನ್ ಬೀದಿಯ 196ನೆಯ ಸಂಖ್ಯೆಯ ಕಟ್ಟಡದಲ್ಲಿ ಆತನು ಅಂಗಡಿ ತೆರೆದನು. ಬರಿಯ ಗಿಟಾರಿನಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಯೂರೋಪಿನಿಂದ ತರಿಸಿದ ಊದುವ ವಾದ್ಯಗಳು, ಪಿಟೀಲುಗಳು, ಸ್ವರಲಿಪಿಯ ಹಾಳೆಗಳು ಎಲ್ಲವೂ ಅಲ್ಲಿ ಮಾರಾಟಕ್ಕಿದ್ದವು. ಹಿಂಗೋಣೆಯಲ್ಲಿ ಆತನು ತನ್ನ ಗಿಟಾರುಗಳನ್ನು ಕಟ್ಟುತ್ತಿದ್ದನು. ಅವು ಕಣ್ಣಿಗೆ ಸ್ಟೌಫರನ ವಾದ್ಯಗಳೇ: ಸುರುಳಿಯಾಗಿ ತಿರುಗಿದ ತಲೆ, ಒಂದೇ ಪಕ್ಕದಲ್ಲಿ ಸಾಲಾಗಿ ನಿಂತ ಆರು ಬಿರಡೆಗಳು, ಹಿಮ್ಮಡಿಯಲ್ಲಿ ಕೀಲಿಕೈಗಾಗಿ ಕೊರೆದ ರಂಧ್ರ. ಪರದೇಶಕ್ಕೆ ಬಂದವನು ಮೊದಲು ತವರಿನ ಉಚ್ಚಾರದಲ್ಲಿಯೇ ಮಾತನಾಡುವುದು ಸಹಜ.

ಆದರೆ ನಗರ ಆ ಸಂಸಾರಕ್ಕೆ ಒಗ್ಗಲಿಲ್ಲ. ಹೈನ್ರಿಕ್ ಶಾಟ್ಸ್ ಎಂಬ ಗೆಳೆಯ, ಆತನೂ ವಾದ್ಯ ಮಾಡುವವನೇ, ಮೊದಲೇ ಪೆನ್ಸಿಲ್ವೇನಿಯ ಸಂಸ್ಥಾನದ ನಜರೆತ್ ಎಂಬ ಊರಿನ ಬಳಿಗೆ ಹೋಗಿ ನೆಲೆಸಿದ್ದನು. ಅಲ್ಲಿಯ ಗುಡ್ಡ ಬಯಲುಗಳನ್ನೂ ಜರ್ಮನ್ ಮಾತನ್ನೂ ಕಂಡು ಒಟಿಲಿಯಳಿಗೆ ತವರನ್ನೇ ಕಂಡಂತಾಯಿತೆಂದೂ, ಗಂಡನನ್ನು ಅಲ್ಲಿಗೆ ಹೊರಡಿಸಿದವಳು ಅವಳೇ ಎಂದೂ ಆ ಮನೆತನದವರು ಹೇಳಿಕೊಂಡು ಬಂದಿದ್ದಾರೆ. 1838ರಲ್ಲಿ ಅಂಗಡಿಯ ಸರಕನ್ನು ಮಾರಿ, 1839ರಲ್ಲಿ ನಜರೆತ್ತಿನ ಹೊರವಲಯದಲ್ಲಿ ಮಾರ್ಟಿನ್ ನೆಲ ಕೊಂಡನು. ಅಲ್ಲಿಂದ ಮುಂದೆ ಆತನು ಊರು ಬದಲಿಸಲಿಲ್ಲ. ವ್ಯಾಪಾರದ ಕೊಂಡಿ ಮಾತ್ರ ನ್ಯೂಯಾರ್ಕಿನಲ್ಲಿಯೇ ಉಳಿಯಿತು. ಹಳ್ಳಿಯಲ್ಲಿ ಮಾಡಿದ ವಾದ್ಯಗಳ ಮೇಲೆ ನ್ಯೂಯಾರ್ಕ್ ಎಂಬ ಮುದ್ರೆಯೇ 1898ರವರೆಗೂ ಬೀಳುತ್ತಿತ್ತು.

ನಜರೆತ್ತಿನ ಆ ವರ್ಷಗಳಲ್ಲಿ ವಾದ್ಯದ ರೂಪ ಮೆಲ್ಲಮೆಲ್ಲನೆ ಬದಲಾಯಿತು. ಸುರುಳಿಯ ತಲೆ ಹೋಗಿ ಸರಳವಾದ ಚೌಕ ತಲೆ ಬಂದಿತು. ಸ್ಪೇನಿನ ಮಾದರಿಯ ಪ್ರಭಾವದಿಂದ ಒಡಲಿನ ಆಕಾರ ಬದಲಾಯಿತು. ಒಡಲಿನ ಮೇಲುಹಲಗೆಯ ಒಳಮೈಯಲ್ಲಿ ಎರಡು ಪಟ್ಟಿಗಳು ಕತ್ತರಿಯಾಕಾರದಲ್ಲಿ ಒಂದನ್ನೊಂದು ದಾಟುವ ಕಟ್ಟಣೆ ಬಂದಿತು. ಮದಾಮ್ ದೆ ಗೋನಿ ಎಂಬ ಸ್ಪೇನಿನ ಗಿಟಾರ್ ವಿದುಷಿಗಾಗಿ 1843ರಲ್ಲಿ ಮಾಡಿದ ವಾದ್ಯದಲ್ಲಿ ಈ ಕಟ್ಟಣೆಯನ್ನು ಕಾಣಬಹುದು. ಈ ಬದಲಾವಣೆಗಳ ನಡುವೆ ಗುರುವಿನ ಕೀಲಿಕೈಯೂ ಕ್ರಮೇಣ ಮರೆಯಾಯಿತು.

ನನ್ನ ಮನಸ್ಸನ್ನು ಬಹುವಾಗಿ ಸೆಳೆದಿರುವುದು ಈ ತ್ಯಾಗ. ತಾನು ಗುರುವಿನಿಂದ ಕಲಿತು, ಸಮುದ್ರದಾಚೆಗೂ ಹೊತ್ತು ತಂದ ಜಾಣ ಉಪಾಯವನ್ನು ಆತನು ಏಕೆ ಬಿಟ್ಟನು? ಆತನ ವಾದ್ಯಗಳೇ ಇದಕ್ಕೆ ಉತ್ತರ ಹೇಳುತ್ತವೆಂದು ನನಗೆ ತೋರುತ್ತದೆ. ತಿರುಪು ಮೊಳೆಯ ಬಲದಿಂದ ಸಾಧಿಸುತ್ತಿದ್ದುದನ್ನು ಆತನು ಮರದಿಂದಲೇ, ಮರದ ಸಂದಿನಿಂದಲೇ ಸಾಧಿಸಲು ಹೊರಟನು. ಎಂದರೆ ವಿಯೆನ್ನಾದ ಯಂತ್ರಜಾಣ್ಮೆಯನ್ನು ಬದಿಗಿಟ್ಟು ತಂದೆಯ ಬಡಗಿವಿದ್ಯೆಗೆ ಮರಳಿದನು.

ಆ ವಿದ್ಯೆಯ ಮೊದಲ ಪಾಠ ಮರದ ಆಯ್ಕೆ. ಮರ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಹಿಗ್ಗಿ ಕುಗ್ಗುವುದಿಲ್ಲ. ಎಳೆಯ ಉದ್ದಕ್ಕೆ ಅದರ ಚಲನೆ ಇಲ್ಲವೆನ್ನುವಷ್ಟು ಅಲ್ಪ, ಅಡ್ಡಲಾಗಿ ಹೆಚ್ಚು. ಅಡ್ಡಲಾಗಿ ಎಂಬುದರಲ್ಲಿಯೂ ಭೇದವಿದೆ: ತಿರುಳಿನಿಂದ ತೊಗಟೆಯ ಕಡೆಗೆ ಆಗುವ ಚಲನೆಗಿಂತ ಬೆಳವಣಿಗೆಯ ಉಂಗುರಗಳ ಸುತ್ತಿನಲ್ಲಿ ಆಗುವ ಚಲನೆ ಅನೇಕ ಮರಗಳಲ್ಲಿ ಸುಮಾರು ಇಮ್ಮಡಿ. ಆದುದರಿಂದಲೇ ತಿರುಳಿನಿಂದ ತೊಗಟೆಯತ್ತ ಕೊಯ್ದ ಹಲಗೆ ಹೆಚ್ಚು ಸ್ಥಿರ. ಹೇಗೆಂದರೆ ಹಾಗೆ ಕೊಯ್ದ ಹಲಗೆ ಹವೆ ಬದಲಾದಾಗ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ. ಎಳೆ ಓರೆಯಾಗಿ ಓಡುವ ತುಂಡು, ಗಂಟಿರುವ ತುಂಡು, ಆತುರದಿಂದ ಒಣಗಿಸಿದ ತುಂಡು ಕೊರಳಿಗೆ ಸಲ್ಲವು. ಮಾರ್ಟಿನ್ ತನ್ನ ಕೊರಳುಗಳಿಗೆ ಬಳಸಿದ್ದು ಅಮೆರಿಕದ ಉಷ್ಣವಲಯದಿಂದ ಬರುವ, ಸ್ಪ್ಯಾನಿಷ್ ಸೀಡರ್ ಎಂದು ಕರೆಯುವ ಮರವನ್ನು. ಹೆಸರು ಸೀಡರ್ ಆದರೂ ದೇವದಾರುವಿನ ಬಳಗಕ್ಕೂ ಅದಕ್ಕೂ ನಂಟಿಲ್ಲ; ಅದು ಮಹಾಗನಿಯ ಮತ್ತು ನಮ್ಮ ಬೇವಿನ ಕುಟುಂಬಕ್ಕೆ ಸೇರಿದ್ದು. ಚುಟ್ಟಾ ಪೆಟ್ಟಿಗೆಗಳನ್ನು ಮಾಡುವುದಕ್ಕೆ ಹೆಸರಾದ ಸುವಾಸನೆಯ ಹಗುರ ಮರ. ಹಗುರವಾದರೂ ಹವೆಯ ಏರಿಳಿತಕ್ಕೆ ಅಷ್ಟಾಗಿ ಕದಲದಿರುವುದು ಅದರ ಗುಣ. ಅದರ ಮೇಲೆ ಕರಿಮರದ ಗಟ್ಟಿ ಬೆರಳುಹಲಗೆಯನ್ನು ಅಂಟಿಸಿದಾಗ ಕೊರಳಿಗೆ ಬೆನ್ನೆಲುಬು ಬಂದಂತಾಗುತ್ತಿತ್ತು.

ಎರಡನೆಯ ಪಾಠ ಸಂದು. ಕೊರಳಿನ ಹಿಮ್ಮಡಿಯನ್ನು ಪಾರಿವಾಳದ ಬಾಲದಂತೆ ತುದಿಯಲ್ಲಿ ಅಗಲವಾಗಿ ಕೆತ್ತಿ, ಒಡಲಿನ ಒಳಗಿನ ಮರದ ದಿಮ್ಮಿಯಲ್ಲಿ ಅದೇ ಅಳತೆಯ ಕಚ್ಚು ತೆಗೆದು, ಮೇಲಿನಿಂದ ಇಳಿಸಿ ಕೂರಿಸುವುದು ಆತನ ಕ್ರಮ. ತಂತಿಗಳು ಎಳೆದಷ್ಟೂ ಬಾಲ ಕಚ್ಚಿನಲ್ಲಿ ಬಿಗಿಯಾಗಿ ಕೂರುತ್ತದೆ. ಜಾರಿ ಹೊರಬರಲು ದಾರಿಯಿಲ್ಲ. ಕಪಾಟಿನ ಸೆಳೆಪೆಟ್ಟಿಗೆಯ ಮೂಲೆಗಳನ್ನು ಬಡಗಿಗಳು ಕೂಡಿಸುವುದು ಇದೇ ಸಂದಿನಿಂದ. ವಾದ್ಯದ ತಲೆಯ ವಿಷಯವೂ ಹೀಗೆಯೇ. ತಲೆ ಹಿಂದಕ್ಕೆ ಓರೆಯಾಗಿರಬೇಕು. ಕೊರಳನ್ನೂ ತಲೆಯನ್ನೂ ಒಂದೇ ತುಂಡಿನಲ್ಲಿ ಕೆತ್ತಿದರೆ ಓರೆಯ ಭಾಗದಲ್ಲಿ ಎಳೆ ಮೊಟಕಾಗಿ, ಸಣ್ಣ ಪೆಟ್ಟಿಗೂ ಸೀಳುತ್ತದೆ. ಅದಕ್ಕಾಗಿ ಆತನು ತಲೆಯನ್ನು ಬೇರೆ ತುಂಡಿನಿಂದ ಮಾಡಿ, ಎರಡರಲ್ಲಿಯೂ ಎಳೆ ಉದ್ದಕ್ಕೆ ಓಡುವಂತೆ ಇಟ್ಟು, ಹಕ್ಕಿಯ ಕೊಕ್ಕಿನಂಥ ಸಂದಿನಿಂದ ಒಂದನ್ನೊಂದಕ್ಕೆ ಕಚ್ಚಿಸಿದನು. ಆ ಸಂದು ಕೊರಳಿನ ಹಿಂಬದಿಯಲ್ಲಿ ವಜ್ರಾಕಾರದ ಒಂದು ಉಬ್ಬಾಗಿ ಕಾಣುತ್ತಿತ್ತು.

ಈಗ ಮಾರ್ಕ್‌ನಾಯ್‌ಕಿರ್ಖೆನ್ನಿನ ವ್ಯಾಜ್ಯವನ್ನು ಮತ್ತೊಮ್ಮೆ ನೆನೆಯಬೇಕು. ಮರದ ಎಳೆಯನ್ನು ಓದುವುದು, ತಾಳ್ಮೆಯಿಂದ ಒಣಗಿಸುವುದು, ಕೂದಲೂ ನುಸುಳದಂತೆ ಸಂದು ಕೂಡಿಸುವುದು: ಇವೆಲ್ಲ ಕಪಾಟು ಮೇಜುಗಳನ್ನು ಮಾಡುವವನ ವಿದ್ಯೆಗಳೇ. ಪಿಟೀಲಿನ ಕೊರಳು ಗಿಡ್ಡ, ಅದಕ್ಕೆ ಮೆಟ್ಟಿಲುಗಳಿಲ್ಲ, ತುಸು ಕದಲಿದರೂ ನುಡಿಸುವವನ ಕಿವಿ ಬೆರಳನ್ನು ತಿದ್ದುತ್ತದೆ. ಗಿಟಾರಿನ ನೀಳ ಕೊರಳಿಗೆ ಆ ಕ್ಷಮೆಯಿಲ್ಲ. ಸಂಘದವರು ಯಾವ ಜ್ಞಾನವನ್ನು ಕೀಳೆಂದು ಜರೆದಿದ್ದರೋ ಅದೇ ಜ್ಞಾನ ಈ ವಾದ್ಯಕ್ಕೆ ಹೆಚ್ಚಾಗಿ ಬೇಕಾಗಿತ್ತು. ನಮ್ಮ ಹಿಂದಿನವರು ಶಿಲ್ಪ ಎಂಬ ಪದವನ್ನು ಕೈಗೆಲಸದ ಎಲ್ಲ ನೈಪುಣ್ಯಕ್ಕೂ ಬಳಸುತ್ತಿದ್ದರೆಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಕಲೆಗೂ ಕಸುಬಿಗೂ ನಡುವೆ ನಾವು ಎಳೆದಿರುವ ಗೆರೆ ಆ ಪದದಲ್ಲಿ ಇರಲಿಲ್ಲ. ಮಾರ್ಟಿನ್ನನ ಮೇಲೆ ವಾದ ಹೂಡಿದವರಿಗೆ ಅಂಥದೊಂದು ಪದದ ಅಭಾವವಿತ್ತೋ ಏನೋ.

ಕಾರ್ಯಾಗಾರ ಬಹುಕಾಲ ಮನೆಯಲ್ಲಿಯೇ ಇತ್ತು. 1859ರಲ್ಲಿ ನಜರೆತ್ ಊರೊಳಗೆ ಕಾರ್ಖಾನೆಯ ಕಟ್ಟಡ ಎದ್ದಿತು. 1867ರಲ್ಲಿ ಮಗನನ್ನೂ ಸೋದರಳಿಯನನ್ನೂ ಪಾಲುದಾರರನ್ನಾಗಿ ಮಾಡಿಕೊಂಡು ಸಿ. ಎಫ್. ಮಾರ್ಟಿನ್ ಅಂಡ್ ಕಂಪನಿ ಎಂಬ ಹೆಸರನ್ನು ಇಟ್ಟನು. 1873ರ ಫೆಬ್ರವರಿ 16ರಂದು ಆತನ ಆಯುಸ್ಸು ಮುಗಿಯಿತು. ಆ ವೇಳೆಗೆ ಆತನು ಹುಟ್ಟಿದ ಊರನ್ನು ಬಿಟ್ಟು ನಲವತ್ತು ವರ್ಷಗಳಾಗುತ್ತ ಬಂದಿದ್ದವು.

ಆತನ ಕೊರಳುಗಳಿಗೆ ನಿಜವಾದ ಪರೀಕ್ಷೆ ಒದಗಿದ್ದು ಆತನು ಸತ್ತ ಮೇಲೆ. ಆತನು ಬಾಳಿದ್ದ ಕಾಲದಲ್ಲಿ ಗಿಟಾರಿಗೆ ಕಟ್ಟುತ್ತಿದ್ದುದು ಪ್ರಾಣಿಯ ಕರುಳಿನಿಂದ ಹೊಸೆದ ತಂತಿಗಳನ್ನು. ಕೆಳಸ್ಥಾಯಿಗೆ ಲೋಹದ ಎಳೆ ಸುತ್ತಿದ ರೇಷ್ಮೆಯ ತಂತಿಗಳನ್ನು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹವಾಯಿ ದ್ವೀಪಗಳ ಸಂಗೀತದ ಗೀಳು ಅಮೆರಿಕವನ್ನೆಲ್ಲ ಹಿಡಿದು, ಉಕ್ಕಿನ ತಂತಿಗಳ ದನಿ ಜನಕ್ಕೆ ರುಚಿಸಿತು. 1922ರಿಂದ ಮಾರ್ಟಿನ್ ಕಂಪನಿಯೂ ಉಕ್ಕಿನ ತಂತಿಗೆಂದೇ ಕಟ್ಟಿದ ಗಿಟಾರುಗಳನ್ನು ಮಾರತೊಡಗಿತು. ಆರು ಉಕ್ಕಿನ ತಂತಿಗಳು ಕೂಡಿ ಎಳೆಯುವ ಬಲ ಸುಮಾರು 70 ಕಿಲೋಗ್ರಾಮ್ ತೂಕಕ್ಕೆ ಸಮ. ಕರುಳಿನ ತಂತಿಗಳ ಎಳೆತ ಅದರ ಅರ್ಧದಷ್ಟು. ಒಬ್ಬ ಮನುಷ್ಯನಷ್ಟು ಭಾರ ಹಗಲಿರುಳೂ ಕೊರಳಿಗೆ ಜೋತುಬಿದ್ದಂತೆ. ಸಾಲದುದಕ್ಕೆ 1929ರಲ್ಲಿ ಕೊರಳು ಇನ್ನೂ ಉದ್ದವಾಯಿತು. ಹನ್ನೆರಡನೆಯ ಮೆಟ್ಟಿಲಿನಲ್ಲಿ ಒಡಲಿಗೆ ಸೇರುತ್ತಿದ್ದುದು ಕೆಲವು ಮಾದರಿಗಳಲ್ಲಿ ಹದಿನಾಲ್ಕನೆಯದರಲ್ಲಿ ಸೇರುವಂತಾಯಿತು.

ಸಂದು ತಡೆದುಕೊಂಡಿತು, ಕತ್ತರಿಯಾಕಾರದ ಕಟ್ಟಣೆ ಹೊಸ ಭಾರಕ್ಕಾಗಿಯೇ ಹುಟ್ಟಿತ್ತೋ ಎಂಬಂತೆ ಹೊಂದಿಕೊಂಡಿತು. ಕೊರಳಿಗೆ ಮಾತ್ರ ನೆರವು ಬೇಕಾಯಿತು. ಸೀಡರಿನ ಜಾಗಕ್ಕೆ ಮಹಾಗನಿ ಬಂದಿತು. ಕೊರಳಿನ ಒಳಗೆ ಕರಿಮರದ ಪಟ್ಟಿಯನ್ನು ಹುದುಗಿಸಿದರು. 1934ರಲ್ಲಿ ಆ ಪಟ್ಟಿಯ ಬದಲು ಉಕ್ಕಿನ ಸರಳು ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಉಕ್ಕು ದುರ್ಲಭವಾದಾಗ ಮತ್ತೆ ಕರಿಮರವೇ ಒದಗಿತು. ಯುದ್ಧ ಮುಗಿದ ಮೇಲೆ ಉಕ್ಕು ಹಿಂತಿರುಗಿತು. ಇದರ ನಡುವೆ ಗಿಬ್ಸನ್ ಎಂಬ ಬೇರೊಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಥಡಿಯಸ್ ಮೆಕ್‌ಹ್ಯೂ ಎಂಬಾತನು ಇನ್ನೊಂದು ಉಪಾಯಕ್ಕೆ 1923ರಲ್ಲಿ ಹಕ್ಕುಪತ್ರ ಪಡೆದಿದ್ದನು. ಕೊರಳಿನೊಳಗೆ ಉಕ್ಕಿನ ಸರಳೊಂದನ್ನಿಟ್ಟು, ತುದಿಯ ತಿರುಪನ್ನು ಬಿಗಿಮಾಡಿದರೆ ತಂತಿಗಳು ಒಂದು ಕಡೆಗೆ ಎಳೆದಂತೆ ಸರಳು ಇನ್ನೊಂದು ಕಡೆಗೆ ಎಳೆದು ಕೊರಳನ್ನು ನೇರಮಾಡುವ ಉಪಾಯ ಅದು. ಹವೆ ಬದಲಾದಾಗ, ತಂತಿ ಬದಲಾದಾಗ ತಿರುಪನ್ನು ತುಸು ತಿರುಗಿಸಿದರಾಯಿತು. ಸ್ಟೌಫರನ ಕೀಲಿಕೈ ಸಂದಿಯ ಓರೆಯನ್ನು ತಿದ್ದುತ್ತಿತ್ತು. ಈ ಸರಳು ಕೊರಳಿನ ಬಿಲ್ಲುಬಾಗನ್ನು ತಿದ್ದಿತು. ಕೆಲಸ ಬೇರೆಯಾದರೂ ಎರಡರ ತತ್ವವೂ ಒಂದೇ: ಮರ ಎಂದಿಗೂ ಕದಲದೆಂದು ನಂಬಿ ಕೂರದೆ, ಕದಲಿದಾಗ ತಿದ್ದುವ ಕೈಗೆ ಎಡೆ ಬಿಟ್ಟಿರುವುದು.

ಇತರರೆಲ್ಲ ಈ ದಾರಿ ಹಿಡಿದ ಮೇಲೂ ಮಾರ್ಟಿನ್ ಕಂಪನಿ ಬಹುಕಾಲ ಒಪ್ಪಲಿಲ್ಲ. ಸರಿಯಾದ ಮರ, ಸರಿಯಾದ ಸಂದು, ಒಳಗೊಂದು ಗಟ್ಟಿ ಸರಳು, ಇಷ್ಟಿದ್ದರೆ ಸಾಕೆಂಬ ಹಟ ಅದರದು. ಕೊನೆಗೆ 1985ರಲ್ಲಿ ತಿರುಪಿನ ಸರಳು ಮಾರ್ಟಿನ್ ಗಿಟಾರುಗಳ ಕೊರಳಿಗೂ ಬಂದಿತು. ಮೂಲಪುರುಷನು ವಿಯೆನ್ನಾದಲ್ಲಿ ಕಲಿತು, ನ್ಯೂಯಾರ್ಕಿಗೆ ಹೊತ್ತು ತಂದು, ನಜರೆತ್ತಿನಲ್ಲಿ ಕೈಬಿಟ್ಟ ಕೀಲಿಕೈ ಬೇರೊಂದು ರೂಪದಲ್ಲಿ ಅವನ ಮನೆಗೇ ಮರಳಿತೆಂದು ಹೇಳಬಹುದು. ಹಾಗೆಂದು ಆತನು ಬಿಟ್ಟದ್ದು ತಪ್ಪಾಗಿತ್ತೆಂದು ನಾನು ಹೇಳಲಾರೆ. ಆತನ ಕೊರಳು ಹೊರಬೇಕಾಗಿದ್ದ ಭಾರಕ್ಕೆ ಆತನ ಮರವೂ ಸಂದೂ ಸಾಕಾಗಿದ್ದವು. ಭಾರ ಬದಲಾದಾಗ ಉಪಾಯ ಬದಲಾಯಿತು. ಒಳ್ಳೆಯ ಮರವನ್ನು ಆರಿಸುವ ವಿದ್ಯೆ ಸರಳು ಬಂದ ಮೇಲೆ ಅನಾವಶ್ಯಕವಾಗಲೂ ಇಲ್ಲ. ಕೆಟ್ಟ ಮರ ತಿರುಚಿಕೊಂಡರೆ ಆ ತಿರುಚನ್ನು ಯಾವ ಸರಳೂ ಬಿಡಿಸಲಾರದು.

ನಮ್ಮ ನಾಡಿಗೂ ಈ ವಾದ್ಯಕ್ಕೂ ಮರದ ಒಂದು ನಂಟು ಇದೆ. ಬಹುಕಾಲ ಬ್ರೆಜಿಲ್ ದೇಶದ ಬೀಟೆಯನ್ನು ಒಡಲಿಗೆ ಬಳಸುತ್ತಿದ್ದ ಮಾರ್ಟಿನ್ ಕಂಪನಿ, ಅದು ದುರ್ಲಭವಾದಾಗ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಬೆಳೆಯುವ ಜಾತಿಯ ಮರವೇ ಅದು. ನಮ್ಮ ಹಳೆಯ ಮನೆಗಳ ಮಂಚ ಕುರ್ಚಿಗಳಾಗುವ ಮರ ಅಲ್ಲಿ ವಾದ್ಯದ ಬೆನ್ನಾಗಿ ದನಿಗೂಡುತ್ತದೆ. ಪೀಠೋಪಕರಣದ ಮರವೆಂದು ಅದನ್ನು ಯಾರೂ ಅಲ್ಲಿ ಹೊರಗಿಡಲಿಲ್ಲ.

ಆ ಕಂಪನಿ ಇಂದಿಗೂ ನಜರೆತ್ ಊರಿನಲ್ಲಿಯೇ ನಡೆಯುತ್ತಿದೆ. ಅಲ್ಲಿಯ ಕೆಲವು ಮಾದರಿಗಳ ಕೊರಳಿನ ಹಿಂಬದಿಯಲ್ಲಿ, ತಲೆ ಕೂಡುವ ಎಡೆಯಲ್ಲಿ, ಬೆರಳಿಗೆ ಒಂದು ವಜ್ರಾಕಾರದ ಉಬ್ಬು ಸಿಗುತ್ತದೆ. ಕೊರಳನ್ನು ಒಂದೇ ಮರದಲ್ಲಿ ಕೆತ್ತತೊಡಗಿದ ಮೇಲೆ ಅಲ್ಲಿ ಸಂದೇ ಇಲ್ಲ. ಆ ಉಬ್ಬಿಗೆ ಮಾಡಲು ಕೆಲಸವೂ ಇಲ್ಲ. ಆದರೂ ಅದನ್ನು ಬಿಡದೆ ಕೆತ್ತುತ್ತ ಬಂದಿದ್ದಾರೆ. ಈಗ ಅದನ್ನು ಅಲಂಕಾರವೆಂದು ಕರೆಯುತ್ತಾರೆ. ಒಂದು ಕಾಲದಲ್ಲಿ ಅದು ಎರಡು ತುಂಡು ಮರವನ್ನು ಒಂದಾಗಿಸಿದ ಬಡಗಿಯ ಸಂದು ಆಗಿತ್ತು. ಕಲೆ ಎಲ್ಲಿ ಮುಗಿಯುತ್ತದೆ, ಕಸುಬು ಎಲ್ಲಿ ಮೊದಲಾಗುತ್ತದೆ ಎಂದು ವಿದ್ಯಾರ್ಥಿಗಳು ಇನ್ನೊಮ್ಮೆ ಕೇಳಿದಾಗ, ಆ ಉಬ್ಬಿನ ಕಥೆಯನ್ನು ಅವರಿಗೆ ಹೇಳಬೇಕೆಂದು ನನಗೆ ಆಸೆಯಿದೆ.